ಕಡಲಂಚಿನ ಕಟ್ಟೆ

ಚೈತ್ರದ ಒಂದು ಸಂಜೆ ಮುಂಬೈಯ ನಾರಿಮನ್ ಪಾಯಿಂಟ್‌ನಿಂದ ಗಿರ್‌ಗಾಂವ್ ಚೌಪಾಟಿಯವರೆಗೆ ಮರೀನ್ ಡ್ರೈವ್ ಗುಂಟ ನಡೆದೆ. ಸುಮಾರು ಮೂರು ಕಿಲೋಮೀಟರ್ ದಾರಿ. ಎಡಕ್ಕೆ ಅರಬ್ಬಿ ಸಮುದ್ರ. ಬಲಕ್ಕೆ 2018ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆರ್ಟ್ ಡೆಕೊ ಕಟ್ಟಡಗಳು. ಅವು ನಿಂತಿರುವ ನೆಲ ಬಹುಪಾಲು ಕಳೆದ ಶತಮಾನದ ಪೂರ್ವಾರ್ಧದಲ್ಲಿ ಸಮುದ್ರಕ್ಕೆ ಮಣ್ಣು ತುಂಬಿ ಪಡೆದದ್ದು.

ಆ ಮನೆಗಳ ಬೆಲೆ ಸಾಮಾನ್ಯರ ಎಣಿಕೆಗೆ ನಿಲುಕದು. ಆದರೆ ಎದುರಿನ ತಡೆಗೋಡೆಯ ಮೇಲೆ ಕುಳಿತುಕೊಳ್ಳಲು ಕಾಸು ಕೊಡಬೇಕಿಲ್ಲ. ಕಚೇರಿ ಬಿಟ್ಟ ಗುಮಾಸ್ತ, ಒಂಟಿ ಕೋಣೆಯ ಮನೆಯಲ್ಲಿ ಏಕಾಂತ ದೊರೆಯದ ನವದಂಪತಿ, ಮೊಮ್ಮಗನ ಕೈಹಿಡಿದ ಅಜ್ಜಿ ಎಲ್ಲರಿಗೂ ಅದೇ ಗಾಳಿ, ಅದೇ ಸೂರ್ಯಾಸ್ತ.

ಚೌಪಾಟಿಯಲ್ಲಿ ಲೋಕಮಾನ್ಯ ತಿಲಕರ ಪ್ರತಿಮೆಯಿದೆ. 1920ರಲ್ಲಿ ಅವರ ಅಂತ್ಯಸಂಸ್ಕಾರ ನಡೆದದ್ದು ಇಲ್ಲಿಯೇ. ಗಣೇಶ ವಿಸರ್ಜನೆಗೂ ಭೇಲ್‌ಪುರಿಗೂ ಇದೇ ಮರಳು. ಅನತಿ ದೂರದಲ್ಲಿ, 2024ರಲ್ಲಿ ತೆರೆದ ಕರಾವಳಿ ರಸ್ತೆಯ ಸುರಂಗದೊಳಕ್ಕೆ ಕಾರುಗಳು ಧಾವಿಸುತ್ತಿದ್ದವು. ಅವಸರದವರಿಗೆ ಹಾದಿ ಬೇಕು, ನಿಜ. ಬಿಡುವಿಗಾಗಿ ಹಾತೊರೆಯುವವರಿಗೆ ಹಣ ಕೇಳದ ಜಾಗವೂ ಅಷ್ಟೇ ಅಗತ್ಯ. ನಗರ ಯೋಜಕರು ಮುಂದೆ ಕಡಲಿಂದ ಎಷ್ಟು ನೆಲ ಪಡೆದರೂ, ಅದರ ಅಂಚಿನಲ್ಲಿ ಇಂಥದೊಂದು ಕಟ್ಟೆಯನ್ನು ಎಲ್ಲರಿಗಾಗಿ ಉಳಿಸಲಿ.