ಮುದ್ದೆ ಜೊತೆಗೆ ಒಂದು ಚಮಚ ಪಾಚಿ!

ಹೊಸೂರು: ಪಾಚಿ ಎಂದರೆ ಕೆರೆ ಮೆಟ್ಟಿಲಲ್ಲಿ ಕಾಲು ಜಾರಿಸೋದು ಅಂತಲೇ ರಾಗಿ ಮುದ್ದೆ ಉಣ್ಣುವ ಈ ಗಡಿಭಾಗದ ಜನರಿಗೆ ಗೊತ್ತು. ಆದರೆ ತೊಟ್ಟಿಯಲ್ಲಿ ಬೆಳೆಸುವ 'ಸ್ಪಿರುಲಿನಾ' ಎಂಬ ನೀಲಿ-ಹಸಿರು ಪಾಚಿಯ ಒಣಪುಡಿಯಲ್ಲಿ ಸುಮಾರು ಶೇ. 60ರಷ್ಟು ಪ್ರೋಟೀನ್ ಇದೆ, ಕಬ್ಬಿಣಾಂಶವೂ ಇದೆ. ಮೈಸೂರಿನ ಸಿಎಫ್‌ಟಿಆರ್‌ಐ ಇದರ ಚಿಕ್ಕಿಯನ್ನೇ ರೂಪಿಸಿದೆ. ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲೂ ಬೆಳೆಯುತ್ತಾರೆ.

ಹಾಗಂತ ಮುದ್ದೆ, ಹುರುಳಿ ಸಾರು ಬಿಡಬೇಕಿಲ್ಲ. ಒಂದು ಚಮಚ (3 ಗ್ರಾಂ) ಪುಡಿಯಲ್ಲಿ ಸಿಗೋದು ಸುಮಾರು 2 ಗ್ರಾಂ ಪ್ರೋಟೀನ್ ಅಷ್ಟೇ. ಒಂದು ಮೊಟ್ಟೆಯಲ್ಲಿ 6 ಗ್ರಾಂ. ಬಿ-12 ಸಿಗುತ್ತೆ ಅಂತ ದುಡ್ಡು ಸುರಿಯುವ ಸಸ್ಯಾಹಾರಿಗಳೇ ಎಚ್ಚರ, ಅದರಲ್ಲಿರುವ ಬಹುಪಾಲು ದೇಹಕ್ಕೆ ಹತ್ತುವುದಿಲ್ಲ. ಮಜ್ಜಿಗೆ, ಚಟ್ನಿಗೆ ಬೆರೆಸಬಹುದು. ಗರ್ಭಿಣಿಯರು ವೈದ್ಯರನ್ನು ಕೇಳಿಯೇ ತಿನ್ನಲಿ. ಕೆರೆ ಪಾಚಿ ಮಾತ್ರ ಬೇಡವೇ ಬೇಡ, ಅದರಲ್ಲಿ ವಿಷ ಇರಬಹುದು.