ಚಂದ್ರನ ಮಣ್ಣಲ್ಲೇ ಇಟ್ಟಿಗೆ: ಬೆಂಗಳೂರು ವಿಜ್ಞಾನಿಗಳಿಗೆ ನೆರವಾದ ಬ್ಯಾಕ್ಟೀರಿಯಾ, ಗೋರಿಕಾಯಿ ಅಂಟು!

ಥಾಣೆಯ ಘೋಡಬಂದರ್ ರಸ್ತೆಯಲ್ಲಿ ಕಟ್ಟಡ ಏಳಬೇಕೆಂದರೆ ಸಿಮೆಂಟ್, ಮರಳು, ಜಲ್ಲಿ ಎಲ್ಲವೂ ಲಾರಿಯಲ್ಲಿ ಬಂದು ಬೀಳುತ್ತವೆ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ತಡವಾದೀತು, ಅಷ್ಟೇ. ಆದರೆ ಚಂದ್ರನ ಮೇಲೆ ಮನೆ ಕಟ್ಟುವುದಾದರೆ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2020ರಲ್ಲಿ ನೀಡಿದ ಲೆಕ್ಕದಂತೆ, ಒಂದು ಪೌಂಡ್ ಸಾಮಗ್ರಿಯನ್ನು ಬಾಹ್ಯಾಕಾಶಕ್ಕೆ ಒಯ್ಯಲು ಸುಮಾರು 7.5 ಲಕ್ಷ ರೂಪಾಯಿ ಬೇಕು. ಹಾಗಾದರೆ ಮೂರು ಕೆಜಿ ತೂಗುವ ಒಂದೇ ಒಂದು ಇಟ್ಟಿಗೆಯ ಸಾಗಣೆಗೆ ಹೆಚ್ಚುಕಡಿಮೆ 50 ಲಕ್ಷ! ಹೀಗಾಗಿ ಅಲ್ಲಿನ ಮಣ್ಣಲ್ಲೇ ಇಟ್ಟಿಗೆ ಮಾಡುವುದು ಬಿಟ್ಟು ಬೇರೆ ದಾರಿಯಿಲ್ಲ.

ಅದೇ ವರ್ಷ ಈ ಸಂಸ್ಥೆಯ ಅಲೋಕ್ ಕುಮಾರ್, ಕೌಶಿಕ್ ವಿಶ್ವನಾಥನ್ ಮತ್ತು ಇಸ್ರೋ ವಿಜ್ಞಾನಿಗಳು ಅಂಥದ್ದೊಂದು ವಿಧಾನ ತೋರಿಸಿಕೊಟ್ಟರು. ಚಂದ್ರನ ಮಣ್ಣನ್ನೇ ಹೋಲುವ ಕೃತಕ ಮಣ್ಣಿಗೆ ಅವರು ಸ್ಪೋರೊಸಾರ್ಸಿನಾ ಪಾಶ್ಚುರಿ ಎಂಬ ಬ್ಯಾಕ್ಟೀರಿಯಾ, ಯೂರಿಯಾ ಮತ್ತು ಕ್ಯಾಲ್ಸಿಯಂ ಬೆರೆಸಿದರು. ಬ್ಯಾಕ್ಟೀರಿಯಾ ಯೂರಿಯಾವನ್ನು ಒಡೆದಾಗ ಕ್ಯಾಲ್ಸಿಯಂ ಕಾರ್ಬೊನೇಟ್ ಹರಳುಗಳು ಹುಟ್ಟುತ್ತವೆ. ಸುಣ್ಣದ ಕಲ್ಲಿನಲ್ಲಿ ಇರುವುದೂ ಇದೇ. ಈ ಹರಳುಗಳು ಮಣ್ಣಿನ ಕಣಗಳನ್ನು ಸಿಮೆಂಟಿನಂತೆ ಬೆಸೆಯುತ್ತವೆ.

ಇನ್ನಷ್ಟು ಗಟ್ಟಿಯಾಗಲಿ ಎಂದು ಸೇರಿಸಿದ್ದು ಗೌರ್ ಗಮ್. ನಾವು ಪಲ್ಯ ಮಾಡಿ ತಿನ್ನುವ ಗೋರಿಕಾಯಿಯ, ಉತ್ತರ ಕರ್ನಾಟಕದವರ ಚವಳಿಕಾಯಿಯ, ಬೀಜದಿಂದ ತೆಗೆಯುವ ಅಂಟು ಇದು. ಇನ್ನು ಯೂರಿಯಾ? ಅದು ಗಗನಯಾತ್ರಿಗಳ ಮೂತ್ರದಿಂದಲೇ ಸಿಗುತ್ತದೆ!

ಇಟ್ಟಿಗೆ ಮಾಡಿದರೆ ಮುಗಿಯಲಿಲ್ಲ. ಚಂದ್ರನಲ್ಲಿ ಉಷ್ಣಾಂಶ 121 ಡಿಗ್ರಿಯಿಂದ ಮೈನಸ್ 133 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಿಳಿಯುತ್ತದೆ. ಉಲ್ಕಾಕಣಗಳ ಹೊಡೆತ ಬೇರೆ. ಹೆಚ್ಚಿನ ಶಾಖದಲ್ಲಿ ಸುಟ್ಟು ಮಾಡುವ ಇಟ್ಟಿಗೆ ತುಂಬಾ ಗಟ್ಟಿ, ಆದರೆ ಒಮ್ಮೆ ಬಿರುಕು ಬಿಟ್ಟರೆ ಇಡೀ ಗೋಡೆಗೇ ಅಪಾಯ. ಹಾಗಾಗಿ 2025ರಲ್ಲಿ ಅದೇ ತಂಡ ರಿಪೇರಿಗೆ ಕೈಹಾಕಿತು. ಸುಟ್ಟ ಇಟ್ಟಿಗೆಗಳಲ್ಲಿ ಬೇಕೆಂದೇ ತೂತು, ಬಿರುಕು ಮಾಡಿ, ಅದಕ್ಕೆ ಬ್ಯಾಕ್ಟೀರಿಯಾ, ಗೌರ್ ಗಮ್ ಮತ್ತು ಕೃತಕ ಮಣ್ಣಿನ ಗಾರೆ ತುಂಬಿತು. ಕೆಲವು ದಿನಗಳಲ್ಲಿ ಬಿರುಕು ಬೆಸೆದುಕೊಂಡಿತು. ಆದರೆ ಕಳೆದುಕೊಂಡ ಬಲದಲ್ಲಿ ಮರಳಿ ಬಂದದ್ದು ಶೇ 28ರಿಂದ 54ರಷ್ಟು ಮಾತ್ರ.

ಅಸಲಿ ಪ್ರಶ್ನೆ ಇನ್ನೂ ಹಾಗೇ ಇದೆ. ಇದೆಲ್ಲ ನಡೆದಿದ್ದು ಭೂಮಿಯ ಲ್ಯಾಬ್‌ನಲ್ಲಿ. ಗಾಳಿಯಿಲ್ಲದ, ನೀರು ಸುಲಭವಾಗಿ ಸಿಗದ ಚಂದ್ರನಲ್ಲಿ ಈ ಜೀವಿ ಬದುಕುತ್ತದೆಯೇ? ಬಾಹ್ಯಾಕಾಶದಲ್ಲಿ ಅದರ ವರ್ತನೆ ತಿಳಿಯಲು ಗಗನಯಾನದಲ್ಲಿ ಬ್ಯಾಕ್ಟೀರಿಯಾದ ಮಾದರಿ ಕಳುಹಿಸುವ ಪ್ರಸ್ತಾವನೆಗೆ ತಂಡ ಸಿದ್ಧತೆ ನಡೆಸಿದೆ.