ಫೈಲ್ ತೆರೆದುಕೊಂಡ ಮಾತ್ರಕ್ಕೆ…

ಒಂದು ಸಾಫ್ಟ್‌ವೇರ್ ಬರೆದ ಫೈಲನ್ನು ಇನ್ನೊಂದು ತಕರಾರಿಲ್ಲದೆ ತೆರೆದರೆ ಎರಡೂ ಹೊಂದಿಕೊಂಡವು ಎಂಬ ನಂಬಿಕೆ ದೊಡ್ಡ ಎಂಜಿನಿಯರಿಂಗ್ ಯೋಜನೆಗಳಲ್ಲಿ ಬೇರೂರಿದೆ. ಇದು ತಪ್ಪು. ಈ ತಪ್ಪಿಗೆ ನಾಸಾ ಒಂದು ನೌಕೆಯನ್ನೇ ತೆತ್ತಿದೆ.

1998ರ ಡಿಸೆಂಬರ್‌ನಲ್ಲಿ ಮಂಗಳನತ್ತ ಹೊರಟ ಮಾರ್ಸ್ ಕ್ಲೈಮೇಟ್ ಆರ್ಬಿಟರ್‌ನ ಲೆಕ್ಕದಲ್ಲಿ ಅಳತೆಯ ಮಾನ ಅದಲುಬದಲಾದದ್ದು ಅನೇಕರಿಗೆ ಗೊತ್ತು. ಅದರ ಹಿಂದಿನ ಸಂಗತಿ ಅಷ್ಟು ಪ್ರಚಾರಕ್ಕೆ ಬಂದಿಲ್ಲ. ನೌಕೆ ತನ್ನ ಸಣ್ಣ ಥ್ರಸ್ಟರ್‌ಗಳನ್ನು ಉರಿಸಿದಾಗಲೆಲ್ಲ ಆ ನೂಕಿನ ಲೆಕ್ಕ ಒಂದು ಫೈಲಿನಲ್ಲಿ ಪಥವನ್ನು ಲೆಕ್ಕಹಾಕುವವರಿಗೆ ತಲುಪಬೇಕಿತ್ತು. ಮೊದಲ ನಾಲ್ಕು ತಿಂಗಳು ಆ ಫೈಲ್ ಬಳಕೆಗೇ ಬರಲಿಲ್ಲ. ಅದರ ಫಾರ್ಮ್ಯಾಟ್‌ನಲ್ಲೇ ದೋಷಗಳಿದ್ದವು. 1999ರ ಏಪ್ರಿಲ್‌ನಲ್ಲಿ ಅವು ಸರಿಹೋದವು, ಫೈಲ್ ಸಲೀಸಾಗಿ ಓದಿಸಿಕೊಂಡಿತು. ಒಳಗಿನ ಅಂಕಿಗಳು ಮಾತ್ರ ಪೌಂಡ್-ಸೆಕೆಂಡಿನವು. ಓದುವ ಪ್ರೋಗ್ರಾಂ ಅವನ್ನು ನ್ಯೂಟನ್-ಸೆಕೆಂಡ್ ಎಂದೇ ತಿಳಿಯಿತು. ವ್ಯತ್ಯಾಸ 4.45 ಪಟ್ಟು. ಸುಮಾರು 226 ಕಿ.ಮೀ. ಎತ್ತರದಲ್ಲಿ ಮಂಗಳನನ್ನು ಬಳಸಬೇಕಿದ್ದ ನೌಕೆ ಸೆಪ್ಟೆಂಬರ್ 23ರಂದು ಸುಮಾರು 57 ಕಿ.ಮೀ.ಗೆ ಇಳಿದು ಕೈತಪ್ಪಿತು.

ಲಿಖಿತ ನಿಯಮವೊಂದಿದ್ದರೆ ಹೀಗಾಗುತ್ತಿರಲಿಲ್ಲ ಎನ್ನುವವರಿದ್ದಾರೆ. ನಿಯಮ ಇತ್ತು. ಆ ಫೈಲ್ ಮೆಟ್ರಿಕ್ ಮಾನದಲ್ಲೇ ಇರಬೇಕೆಂದು ಒಪ್ಪಂದದ ದಾಖಲೆ ಸ್ಪಷ್ಟವಾಗಿ ಹೇಳಿತ್ತು. ಆ ಮಾತಿಗೂ ಪ್ರೋಗ್ರಾಂ ಕೊಡುತ್ತಿದ್ದ ಅಂಕಿಗೂ ತಾಳೆಯಾಗುತ್ತದೆಯೇ ಎಂಬ ಪರೀಕ್ಷೆ ಸರಿಯಾಗಿ ನಡೆಯಲಿಲ್ಲ.

ಎಲ್ಲ ಸಾಧನಗಳನ್ನೂ ಒಂದೇ ಕಂಪನಿಯಿಂದ ಕೊಂಡರೆ ತಲೆನೋವು ತಪ್ಪುತ್ತದೆ ಎಂಬುದು ಇನ್ನೊಂದು ನಂಬಿಕೆ. ಏರ್‌ಬಸ್‌ನ ಎ380 ವಿಮಾನಕ್ಕೆ ಹ್ಯಾಂಬರ್ಗ್‌ನಲ್ಲೂ ಟುಲೂಸ್‌ನಲ್ಲೂ ಬಳಸಿದ್ದು ಕ್ಯಾಟಿಯಾ ಎಂಬ ಒಂದೇ ಸಾಫ್ಟ್‌ವೇರ್. ಆದರೆ ಹ್ಯಾಂಬರ್ಗ್‌ನಲ್ಲಿ ಅದರ ನಾಲ್ಕನೇ ಆವೃತ್ತಿ, ಟುಲೂಸ್‌ನಲ್ಲಿ ಐದನೆಯದು. ಒಂದು ವಿಮಾನದೊಳಗೆ 500 ಕಿ.ಮೀ.ಗೂ ಮೀರಿದ ವೈರಿಂಗ್. ಹ್ಯಾಂಬರ್ಗ್‌ನಿಂದ ಬಂದ ವೈರಿನ ಕಟ್ಟುಗಳನ್ನು ಟುಲೂಸ್‌ನಲ್ಲಿ ಎಳೆದು ಕೂರಿಸಲು ಹೋದರೆ ಕನೆಕ್ಟರ್‌ವರೆಗೆ ಎಟುಕಲಿಲ್ಲ. ಹೊಸ ಆವೃತ್ತಿ ಕೊಂಡಿದ್ದರೆ ಎಲ್ಲವೂ ಸರಿಯಾಗುತ್ತಿತ್ತು ಎಂದು ನನಗನಿಸುವುದಿಲ್ಲ. ಒಂದು ಊರಿನಲ್ಲಿ ಮಾಡಿದ ಬದಲಾವಣೆ ಇನ್ನೊಂದು ಊರಿನ ಮಾದರಿಗೆ ಕೂಡಲೇ ತಲುಪುವ ವ್ಯವಸ್ಥೆಯೇ ಸಡಿಲವಾಗಿತ್ತು. ಮೊದಲ ವಿಮಾನ ಗ್ರಾಹಕರ ಕೈಸೇರಿದ್ದು 2007ರ ಅಕ್ಟೋಬರ್‌ನಲ್ಲಿ, ಸುಮಾರು ಒಂದೂವರೆ ವರ್ಷ ತಡವಾಗಿ.

ಇಂಥ ವಿನಿಮಯಕ್ಕೆಂದೇ ಈಗ ರೆಕ್‌ಇಫ್ ಎಂಬ ಫೈಲ್ ಫಾರ್ಮ್ಯಾಟ್ ಇದೆಯಲ್ಲ ಎನ್ನಬಹುದು. ಜರ್ಮನಿಯ ಕಾರು ತಯಾರಕರ ನಡುವೆ ಹುಟ್ಟಿ 2011ರಲ್ಲಿ ಮಾನಕವಾದ ಇದು ಅಗತ್ಯಗಳ ಪಟ್ಟಿಯನ್ನು ಕಂಪನಿಯಿಂದ ಕಂಪನಿಗೆ ಚೆನ್ನಾಗಿಯೇ ಸಾಗಿಸುತ್ತದೆ. ಆದರೆ ಒಂದು ಅಗತ್ಯದ ಮುಂದೆ ಬರೆದ 'ಒಪ್ಪಿಗೆಯಾಗಿದೆ' ಎಂಬುದಕ್ಕೆ ಒಬ್ಬರಲ್ಲಿ ಗ್ರಾಹಕರ ಸಹಿ ಬಿದ್ದಿದೆ ಎಂದರ್ಥ, ಇನ್ನೊಬ್ಬರಲ್ಲಿ ತಂಡದ ಮುಖ್ಯಸ್ಥರು ಓದಿದ್ದಾರೆ ಎಂದಷ್ಟೇ. ಆ ಗಂಟನ್ನು ಯಾವ ಮಾನಕವೂ ಬಿಡಿಸದು. ಎರಡೂ ಕಡೆಯವರು ಕೂತು ಮಾತಾಡಬೇಕು. ಆಮೇಲೆ ಇಪ್ಪತ್ತು ಅಗತ್ಯಗಳನ್ನು ಕಳಿಸಿ, ಅವರು ತಿದ್ದಿ ಮರಳಿಸಿದ್ದನ್ನು ಸಾಲುಸಾಲಾಗಿ ಹೋಲಿಸಬೇಕು. ಗುರುತಿನ ಸಂಖ್ಯೆ, ಮಾನ, ಕೋಷ್ಟಕ, ಪರಸ್ಪರ ಕೊಂಡಿಗಳು ಹಾಗೆಯೇ ಉಳಿದಿವೆಯೇ ಎಂದು ನೋಡಬೇಕು. ಈ ಕೆಲಸ ಯೋಜನೆಯ ಮೊದಲ ವಾರಗಳಲ್ಲೇ ಆಗಬೇಕು. ಆಗ ಪಟ್ಟಿಯಲ್ಲಿ ಸಾಲುಗಳೂ ಕಡಿಮೆ, ತಿದ್ದುವುದೂ ಅಗ್ಗ.